ಹಿಮದ ಗಾಡಿಯ ನಂಟರು ಚಾಮರಾಜಪೇಟೆಯಲ್ಲಿ

ಮಲ್ಲೇಶ್ವರದ ಎಂಟನೇ ಕ್ರಾಸಿನಿಂದ ಸೋದರಮಾವನ ಯೆಜ್ಡಿ ಹೊರಡುವುದೇ ಒಂದು ಸಂಭ್ರಮ. ಕಿಕ್ ಹೊಡೆದ ಲಿವರನ್ನೇ ಒತ್ತಿ ತಿರುಗಿಸಿದರೆ ಅದೇ ಗೇರು! ಕ್ವೆಬೆಕ್ಕಿನಲ್ಲಿ ಸ್ನೋಮೊಬೈಲ್ ಓಡಿಸುವ ನನಗೆ ಈ ಜಾಣತನ ಹೊಸದು. ಹಿಂದೆ ಏಳುವ ನೀಲಿ ಹೊಗೆ ಮಾತ್ರ ತೀರಾ ಪರಿಚಿತ. ನನ್ನದೂ ಪೆಟ್ರೋಲಿನ ಜೊತೆ ಆಯಿಲ್ ಸುಡುವ ಟೂ ಸ್ಟ್ರೋಕ್ ಎಂಜಿನ್ನೇ.

ವಯಸ್ಸಿನಲ್ಲೂ ಇವು ಓರಗೆಯವು. ನಮ್ಮ ಸೀಮೆಯ ವಾಲ್ಕೂರ್ ಎಂಬ ಸಣ್ಣ ಊರಿನಿಂದ ಬೊಂಬಾರ್ಡಿಯೇ 1959ರಲ್ಲಿ ಸ್ಕೀ-ಡೂ ಸ್ನೋಮೊಬೈಲ್ ಹೊರತಂದ; ಮರುವರ್ಷ ಮೈಸೂರಿನಲ್ಲಿ ಯೆಜ್ಡಿ ತಯಾರಿಸಿದ ಐಡಿಯಲ್ ಜಾವಾ ಕಂಪನಿ ಹುಟ್ಟಿತು. 1996ರಲ್ಲಿ ಅದು ಬಾಗಿಲು ಹಾಕಿದರೂ ಗಾಡಿಗಳಿಗೆ ಆ ಸುದ್ದಿ ಮುಟ್ಟಿದಂತಿಲ್ಲ.

ಪೆಟ್ರೋಲ್ ಬಂಕಿನಲ್ಲಿ ಮಾವ 2ಟಿ ಆಯಿಲ್ ಡಬ್ಬಿ ತೆಗೆದು, ಲೀಟರಿಗೆ 40 ಎಂ.ಎಲ್. ಲೆಕ್ಕದಲ್ಲಿ ಟ್ಯಾಂಕಿಗೆ ಸುರಿದು, ಗಾಡಿಯನ್ನು ಆಚೀಚೆ ಅಲ್ಲಾಡಿಸುತ್ತಾರೆ. ನನ್ನ ಗಾಡಿಯಲ್ಲಿ ಈ ಕೆಲಸ ಪಂಪಿನದು. ಇಲ್ಲಿ ಜಿಡ್ಡು ಡಬ್ಬಿ ಹಿಡಿದುಕೊಂಡು ಕೂರುವ ಭಾಗ್ಯ ಹಿಂದಿನ ಸೀಟಿನವನದು.

ಟೌನ್‌ಹಾಲ್ ಸಿಗ್ನಲ್ಲಿನಲ್ಲಿ ಎಂಜಿನ್ ಕಾದು ಮೊಣಕಾಲಿಗೆ ಝಳ ಹೊಡೆಯುತ್ತದೆ. ಈ ಎಂಜಿನ್ನಿಗೆ ಗಾಳಿಯೇ ತಂಪು, ಗಾಡಿ ನಿಂತರೆ ಗಾಳಿಯೂ ಇಲ್ಲ. ನಗು ಬರುತ್ತದೆ: ನನ್ನ ಸ್ನೋಮೊಬೈಲೂ ಬರೀ ಗಟ್ಟಿ ಮಂಜುಗಡ್ಡೆಯ ಮೇಲೆ ಓಡಿಸಿದರೆ ಹೀಗೇ ಕಾಯುತ್ತದೆ. ಅಡಿಯ ಪಟ್ಟಿ ಎರಚುವ ಪುಡಿ ಹಿಮ ಬಿದ್ದರೇ ಅದರ ಕೂಲೆಂಟ್ ತಣಿಯುವುದು. ಹಿಮದ ನಾಡಿನಲ್ಲೂ ಹಿಮದ ಕೊರತೆ!

ಜೆ.ಸಿ. ರಸ್ತೆಯಲ್ಲಿ ಹೊಸ ಪ್ಲಗ್ ಕೊಂಡು ಚಾಮರಾಜಪೇಟೆಯ ಗ್ಯಾರೇಜಿಗೆ ಬರುತ್ತೇವೆ. ಗ್ಯಾರೇಜೆಂದರೆ ಒಂದು ಷಟರು, ಉಳಿದದ್ದು ಫುಟ್‌ಪಾತ್. ನರೆತ ಗಡ್ಡದ ಮೆಕ್ಯಾನಿಕ್ ಹಳೇ ಪ್ಲಗ್ ಬಿಚ್ಚಿ ಬಿಸಿಲಿಗೆ ಹಿಡಿಯುತ್ತಾರೆ. ತುದಿ ಕಾಫಿಪುಡಿ ಬಣ್ಣಕ್ಕಿದ್ದರೆ ಕ್ಷೇಮ. ಬೆಳ್ಳಗಿದ್ದರೆ ಪೆಟ್ರೋಲ್ ಸಾಲದೆ ಎಂಜಿನ್ ಕಾಯುತ್ತಿದೆ. ಇದೋ, ಕರ್‍ರಗೆ, ಒದ್ದೆ. “ಆಯಿಲ್ ಜಾಸ್ತಿ ಹಾಕ್ತೀರ ಸಾರ್,” ಎಂದು ಮಾವನನ್ನು ಗದರುತ್ತಾರೆ. ಮಾವ ನನ್ನ ಕೈಯ ಡಬ್ಬಿಯತ್ತ ನೋಡುತ್ತಾರೆ. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್. ಒಳಗಿನ ಕೊಳವೆ ಎಳೆದರೆ ಮೇಲೆಲ್ಲ ಸೀದ ತಳದಂಥ ಕಾರ್ಬನ್. ಹುಡುಗ ಕೆರೆಯುತ್ತಾನೆ. ಹೆಡ್ ಬಿಚ್ಚಿಟ್ಟು ಮೆಕ್ಯಾನಿಕ್ ಊಟಕ್ಕೆ ಹೋಗುತ್ತಾರೆ. ನಾವು ಕಲ್ಲುಚಪ್ಪಡಿಯ ಮೇಲೆ ಕಾಯುತ್ತೇವೆ.

ಊಟ ಮುಗಿಸಿ ಬಂದವರು ವಿಚಾರಿಸುತ್ತಾರೆ, “ನಿಮ್ಮೂರಲ್ಲಿ ಹೆಂಗೆ?” ಹಿಮ ಕರಗಿದ ಮೇಲೆ ಎಂಜಿನ್ನಿನೊಳಕ್ಕೆ ತುಕ್ಕು ತಡೆಯುವ ಎಣ್ಣೆ ಸಿಂಪಡಿಸಿ, ಬೆಲ್ಟ್ ಬಿಚ್ಚಿಟ್ಟು, ಹೊದಿಸಿ, ಮುಂದಿನ ಚಳಿಗಾಲದವರೆಗೆ ಮಲಗಿಸುತ್ತೇವೆ ಎನ್ನುತ್ತೇನೆ. ನಮ್ಮ ಆರೈಕೆಯೆಲ್ಲ ಆ ನಿದ್ದೆಗಾಗಿ. ಇಲ್ಲಿಯದು ನಿದ್ದೆಯೇ ಇಲ್ಲದ ದುಡಿಮೆಗಾಗಿ. ಪಾನಾ ಹಿಡಿದ ಕೈ ನಿಲ್ಲುತ್ತದೆ. “ಅಷ್ಟು ತಿಂಗಳು ಗಾಡಿ ಮಲಗಿದ್ರೆ ಮೆಕ್ಯಾನಿಕ್ ಏನ್ ತಿಂತಾನೆ?” ಬೇಸಿಗೆಯಲ್ಲಿ ದೋಣಿ ರಿಪೇರಿ ಮಾಡುತ್ತಾನೆಂದರೆ ಗ್ಯಾರೇಜೆಲ್ಲ ನಗು.

ಪರೀಕ್ಷೆಗೆಂದು ಬುಲ್ ಟೆಂಪಲ್ ರಸ್ತೆಯ ಏರು. ಯೆಜ್ಡಿ ಮೂರನೇ ಗೇರಿನಲ್ಲೇ ಹತ್ತುತ್ತದೆ! ಹಸಿದು ಗಾಂಧಿ ಬಜಾರಿಗೆ ಬಂದರೆ ವಿದ್ಯಾರ್ಥಿ ಭವನದ ಬಾಗಿಲು ಮುಚ್ಚಿದೆ. ಶುಕ್ರವಾರ, ವಾರದ ರಜಾ.

“ನೋಡೋ, ದೋಸೆ ಕಾವಲಿಗೂ ರಜಾ ಇದೆ,” ಎಂದು ಮಾವ ಟ್ಯಾಂಕ್ ತಟ್ಟುತ್ತಾರೆ, “ಇದಕ್ಕಿಲ್ಲ.” ಮತ್ತೆ ಕಿಕ್ ಹೊಡೆಯುತ್ತಾರೆ.