ಮ್ಯಾಂಚೆಸ್ಟರಿನಲ್ಲಿ ಮೂರು ದಿನ

ನಮ್ಮ ಅಜ್ಜಂದಿರ ಕಾಲದಲ್ಲಿ ಮ್ಯಾಂಚೆಸ್ಟರೆಂಬ ಹೆಸರು ಕನ್ನಡ ನಾಡಿನ ಮನೆಗಳಿಗೆ ಬಂದುದು ಬಟ್ಟೆಯ ಥಾನುಗಳೊಡನೆ. ಜವಳಿಯಂಗಡಿಯವನು ‘ಮ್ಯಾಂಚೆಸ್ಟರ್ ಮಾಲು’ ಎಂದು ಹೇಳಿ ಮುಂದೆ ಹರಡಿದನೆಂದರೆ ಗಿರಾಕಿಯು ಬೇರೆ ಪ್ರಶ್ನೆಯನ್ನು ಕೇಳುತ್ತಿರಲಿಲ್ಲವಂತೆ. ಆ ಬಟ್ಟೆಯ ಹತ್ತಿಯಲ್ಲಿ ಒಂದಷ್ಟು ನಮ್ಮ ನೆಲದ್ದೇ ಆಗಿದ್ದುದೂ ಉಂಟು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧವು ನಡೆದು ಅಲ್ಲಿಯ ಹತ್ತಿಯ ಬರವು ನಿಂತಾಗ, ಲ್ಯಾಂಕಷೈರಿನ ಗಿರಣಿಯವರ ಕಣ್ಣು ಧಾರವಾಡ ಸೀಮೆಯ ಎರೆಹೊಲಗಳ ಮೇಲೆ ಬಿದ್ದಿತು. ಕಾರವಾರದ ಬಂದರನ್ನು ಬೆಳೆಯಿಸಬೇಕೆಂಬ ಯೋಚನೆಗೆ ಬಲ ಬಂದುದೂ ಆಗಲೇ. ಈಗ ಆ ಗಿರಣಿಗಳ ಸದ್ದಡಗಿದೆ. ಕೆಂಪಿಟ್ಟಿಗೆಯ ದೊಡ್ಡ ಕಟ್ಟಡಗಳು ಹಲವು ನಿಂತೇ ಇವೆಯಾದರೂ ಅವುಗಳೊಳಗೆ ಜನರು ಸಂಸಾರ ಹೂಡಿದ್ದಾರೆ, ಇಲ್ಲವೆ ಕಚೇರಿಗಳನ್ನಿಟ್ಟಿದ್ದಾರೆ.

ಆದರೆ ಗಿರಣಿಗಳು ಬಿಟ್ಟುಹೋದ ಒಂದು ಆಸ್ತಿಯು ಮಾತ್ರ ಸವೆದಿಲ್ಲ. ಅದು ಶನಿವಾರದ ಮಧ್ಯಾಹ್ನ. 1850ರ ಕಾರ್ಖಾನೆಯ ಕಾಯಿದೆಯಂತೆ ಬಟ್ಟೆಗಿರಣಿಗಳಲ್ಲಿ ಹೆಂಗಸರ ಮತ್ತು ಎಳೆಯರ ದುಡಿಮೆಯು ಶನಿವಾರ ಎರಡು ಗಂಟೆಗೆ ನಿಲ್ಲಬೇಕಾಯಿತು. ಅವರು ನಿಂತ ಮೇಲೆ ಗಂಡಸರ ಕೆಲಸವೂ ಸಾಗುವಂತಿರಲಿಲ್ಲ. ವಾರವೆಲ್ಲ ಯಂತ್ರದೆದುರು ನಿಂತವರಿಗೆ ಒಂದು ಅರ್ಧ ದಿನವು ಕೈಗೆ ಬಂದಿತು. ಆ ಅರ್ಧ ದಿನವನ್ನು ತುಂಬಿದುದು ಕಾಲ್ಚೆಂಡಾಟ. ಮೂರು ಗಂಟೆಗೆ ಆಟವು ಮೊದಲಾಗುವ ಪದ್ಧತಿಗೆ ಇದೇ ಮೂಲ. ಹನ್ನೆರಡು ತಂಡಗಳು ಸೇರಿ ‘ಫುಟ್‌ಬಾಲ್ ಲೀಗ್’ ಎಂಬ ಕೂಟವನ್ನು ಕಟ್ಟಿದುದೂ 1888ರ ಏಪ್ರಿಲಿನಲ್ಲಿ, ಇದೇ ಊರಿನ ಒಂದು ಹೋಟೆಲಿನಲ್ಲಿ.

ನಾನು ಅಲ್ಲಿಗೆ ಹೋದುದು 2024ರ ಅಕ್ಟೋಬರ್ 26ರ ಶನಿವಾರ. ನನ್ನ ಆತಿಥೇಯರು ಹುಬ್ಬಳ್ಳಿಯ ಕಡೆಯ ವೈದ್ಯರು. ಮೂವತ್ತು ವರುಷಗಳಿಂದ ಅಲ್ಲಿ ನೆಲೆಸಿದವರು. ಗುರುವಾರ ನರಕ ಚತುರ್ದಶಿಯಾದುದರಿಂದ ಗೃಹಿಣಿಯು ಚಕ್ಕುಲಿಯ ಹಿಟ್ಟನ್ನು ನಾದುತ್ತಿದ್ದರು. ಆ ಮನೆಯಲ್ಲಿ ಎರಡು ಮತಗಳುಂಟೆಂದು ನಾನು ಒಳಗೆ ಕಾಲಿಟ್ಟ ಅರ್ಧ ಗಂಟೆಯಲ್ಲಿಯೇ ತಿಳಿಯಿತು. ತಂದೆಯು ‘ಸಿಟಿ’ಯ ಭಕ್ತರು, ಕಾಲೇಜಿನಲ್ಲಿ ಓದುವ ಮಗಳು ‘ಯುನೈಟೆಡ್’ ಪಕ್ಷದವಳು. ತಂದೆಯು ಮೊದಲು ಬಾಡಿಗೆಗಿದ್ದ ಮನೆಯು ಸಿಟಿ ತಂಡದ ಹಳೆಯ ಮೈದಾನವಾದ ಮೇನ್ ರೋಡಿನ ಮಗ್ಗುಲಲ್ಲಿತ್ತು. 1998ರಲ್ಲಿ ಆ ತಂಡವು ಮೂರನೆಯ ದರ್ಜೆಗೆ ಇಳಿದಾಗಲೂ ಅವರು ಬಿಡಲಿಲ್ಲ. 2008ರಲ್ಲಿ ಅಬುಧಾಬಿಯ ಹಣವು ಬಂದು ಸಿಟಿಯ ದೆಸೆ ತಿರುಗಿತು. ಅಂದಿನಿಂದ ಈ ಮನೆಯಲ್ಲಿ ತಂದೆಯ ಧ್ವನಿಯೂ ಸ್ವಲ್ಪ ಏರಿತೆಂದು ಗೃಹಿಣಿಯ ಅಭಿಪ್ರಾಯ.

ಅಂದು ಸಿಟಿಯು ಸೌತಾಂಪ್ಟನ್ ತಂಡವನ್ನು ಒಂದು ಗೋಲಿನಿಂದ ಸೋಲಿಸಿತು. ಸಂಜೆ ಐದಕ್ಕೆ ವೈದ್ಯರು ರೇಡಿಯೋವನ್ನು ತಿರುಗಿಸಿದರು. ಕೈಯಲ್ಲಿರುವ ಫೋನಿನಲ್ಲಿ ಆ ಫಲಿತಾಂಶಗಳೆಲ್ಲ ಆಗಲೇ ಬಂದಿರುವುವಾದರೂ ಹಳಬರಿಗೆ ಈ ಅಭ್ಯಾಸ ತಪ್ಪಿಲ್ಲ. ಬಿ.ಬಿ.ಸಿ.ಯ ‘ಸ್ಪೋರ್ಟ್ಸ್ ರಿಪೋರ್ಟ್’ ಎಂಬ ಈ ಕಾರ್ಯಕ್ರಮವು 1948ರ ಜನವರಿ 3ರಂದು ಮೊದಲಾದುದು. ಜೇಮ್ಸ್ ಅಲೆಕ್ಸಾಂಡರ್ ಗಾರ್ಡನ್ ಎಂಬವರು 1974ರಿಂದ 2013ರವರೆಗೆ ಇದರಲ್ಲಿ ಫಲಿತಾಂಶಗಳನ್ನೋದುತ್ತಿದ್ದರು. ತಂಡಗಳ ಹೆಸರನ್ನು ಅವರು ನುಡಿದ ರೀತಿಯಿಂದಲೇ, ಎರಡನೆಯದರ ಸಂಖ್ಯೆಯು ಬರುವ ಮೊದಲೇ, ಗೆದ್ದವರಾರು, ಸೋತವರಾರು, ಸಮವಾಯಿತೇ ಎಂಬುದು ಕೇಳುವವರಿಗೆ ಗೊತ್ತಾಗುತ್ತಿತ್ತು. ಗಮಕಿಗಳ ಓದಿನಲ್ಲಿ ಇಂತಹ ಸೂಕ್ಷ್ಮವನ್ನು ನಾವು ಬಲ್ಲೆವು. ಅಂಕಿಗಳ ಪಟ್ಟಿಯನ್ನೂ ರಾಗವಿಟ್ಟು ಓದಬಹುದೆಂಬುದು ನನಗೆ ಹೊಸತು.

ಭಾನುವಾರ ಬೆಳಗ್ಗೆ ಎದ್ದಾಗ ಗಡಿಯಾರಗಳೆಲ್ಲ ಒಂದು ಗಂಟೆ ಹಿಂದೆ ಸರಿದಿದ್ದುವು. ಆ ದೇಶದಲ್ಲಿ ಅಕ್ಟೋಬರಿನ ಕಡೆಯ ಭಾನುವಾರ ಬೇಸಗೆಯ ಕಾಲಮಾನವು ಮುಗಿಯುವುದು. ಹೀಗೆ ದೊರೆತ ಒಂದು ಗಂಟೆಯಲ್ಲಿ ವೈದ್ಯರ ಮಗಳು ನನ್ನನ್ನು ಟ್ರಾಮಿನಲ್ಲಿ ಓಲ್ಡ್ ಟ್ರಾಫರ್ಡಿಗೆ ಕರೆದುಕೊಂಡು ಹೋದಳು. ಆ ಹೆಸರಿನ ಮೈದಾನಗಳು ಎರಡುಂಟು. ಕನ್ನಡಿಗರಿಗೆ ಪರಿಚಿತವಾದುದು ಕ್ರಿಕೆಟ್ಟಿನದು. 1990ರ ಆಗಸ್ಟಿನಲ್ಲಿ ನಮ್ಮ ಅನಿಲ್ ಕುಂಬ್ಳೆಯವರು ತಮ್ಮ ಮೊದಲ ಟೆಸ್ಟ್ ಪಂದ್ಯವನ್ನಾಡಿದುದು ಅಲ್ಲಿ. ಅದನ್ನು ದಾಟಿ ಸ್ವಲ್ಪ ದೂರ ನಡೆದರೆ ಕಾಲ್ಚೆಂಡಿನ ಓಲ್ಡ್ ಟ್ರಾಫರ್ಡ್ ಎದುರಾಗುವುದು. ಒಂದು ಕಡೆ ರೈಲಿನ ಹಳಿ, ಇನ್ನೊಂದು ಕಡೆ ಕಾಲುವೆ, ನಡುವೆ ಗಾಜು ಉಕ್ಕುಗಳ ಒಂದು ಬೆಟ್ಟ.

ಈ ತಂಡವನ್ನು ಕಟ್ಟಿದವರು ಶ್ರೀಮಂತರಲ್ಲ. 1878ರಲ್ಲಿ ನ್ಯೂಟನ್ ಹೀತ್ ಎಂಬಲ್ಲಿ ರೈಲ್ವೆಯ ಗಾಡಿಗಳನ್ನು ರಿಪೇರಿ ಮಾಡುತ್ತಿದ್ದ ಕೆಲಸಗಾರರು ಇದನ್ನು ಮೊದಲುಮಾಡಿದರು. 1902ರಲ್ಲಿ ದಿವಾಳಿಯ ಅಂಚಿಗೆ ಬಂದಾಗ ಒಬ್ಬ ಬೀರ್ ವ್ಯಾಪಾರಿಯು ಹಣ ಕೊಟ್ಟು ಉಳಿಸಿದನು. ಮ್ಯಾಂಚೆಸ್ಟರ್ ಯುನೈಟೆಡ್ ಎಂಬ ಹೆಸರು ಬಂದುದು ಆಗ. 1910ರಲ್ಲಿ ಈ ಮೈದಾನವು ತೆರೆಯಿತು. 1941ರ ಮಾರ್ಚಿಯಲ್ಲಿ ಜರ್ಮನರ ಬಾಂಬುಗಳು ಇದನ್ನು ಕೆಡಹಿದುವು. 1949ರವರೆಗೆ ಯುನೈಟೆಡ್ ತಂಡವು ತನ್ನ ಎದುರಾಳಿಯಾದ ಸಿಟಿಯ ಮೇನ್ ರೋಡ್ ಮೈದಾನದಲ್ಲಿ ಬಾಡಿಗೆ ತೆತ್ತು ಆಡಿತು. ಗೋಡೆಯ ಮೇಲೆ ಒಂದು ಗಡಿಯಾರವಿದೆ. ಅದರಲ್ಲಿ ‘1958 ಫೆಬ್ರವರಿ 6, ಮ್ಯೂನಿಕ್’ ಎಂದು ಬರೆದಿದೆ. ಆ ದಿನ ಮ್ಯೂನಿಕ್ಕಿನಲ್ಲಿ ವಿಮಾನವು ಮೇಲೇಳಲಾರದೆ ಅಪಘಾತಕ್ಕೀಡಾಗಿ 23 ಮಂದಿ ತೀರಿಕೊಂಡರು; ಅವರಲ್ಲಿ ಎಂಟು ಮಂದಿ ಈ ತಂಡದ ಆಟಗಾರರು. ಬದುಕಿ ಉಳಿದ ಮ್ಯಾನೇಜರು ಮ್ಯಾಟ್ ಬಸ್ಬಿಯವರು ಮತ್ತೆ ತಂಡವನ್ನು ಕಟ್ಟಿ, ಹತ್ತು ವರುಷಗಳ ತರುವಾಯ ಯೂರೋಪಿನ ಕಪ್ಪನ್ನು ತಂದರು. ಹುಡುಗಿಯು ಗಡಿಯಾರದ ಕೆಳಗೆ ಮಾತನ್ನು ನಿಲ್ಲಿಸಿದಳು. ಅವಳು ಹುಟ್ಟುವುದಕ್ಕೆ ನಾಲ್ಕೂವರೆ ದಶಕಗಳ ಹಿಂದಿನ ಸಾವುಗಳು ಅವು.

ಮಧ್ಯಾಹ್ನ ಯುನೈಟೆಡ್ಡಿನ ಪಂದ್ಯವು ಲಂಡನ್ನಿನಲ್ಲಿ, ವೆಸ್ಟ್ ಹ್ಯಾಮ್ ತಂಡದೊಡನೆ. ಅದನ್ನು ನೋಡಲು ನಾವು ಮೂವರೂ ಒಂದು ಪಬ್ಬಿಗೆ ಹೋದೆವು. ಪಬ್ಬೆಂದೊಡನೆ ವಾಚಕರು ಹುಬ್ಬು ಗಂಟಿಕ್ಕಬೇಕಾಗಿಲ್ಲ. ನನಗೆ ಅಲ್ಲಿ ಒಳ್ಳೆಯ ಚಹವೂ ಚೀಸು ಈರುಳ್ಳಿಗಳನ್ನು ತುಂಬಿದ ಬಿಸಿ ಕಡುಬೂ ದೊರೆತುವು. ಮೊದಲರ್ಧದಲ್ಲಿ ಯುನೈಟೆಡ್ಡಿನ ಆಟಗಾರನೊಬ್ಬನು ಗೋಲಿಯನ್ನೂ ದಾಟಿಹೋಗಿ, ಬರಿದಾದ ಗೋಲಿನ ಮುಂದೆ ನಿಂತು, ಚೆಂಡನ್ನು ಆಕಾಶಕ್ಕೆ ಒದೆದನು. ಪಬ್ಬಿನಲ್ಲಿ ಎದ್ದ ಸದ್ದು ಬೈಗುಳವಾಗಿರಲಿಲ್ಲ. ಊರಿನ ತೇರಿನ ಅಚ್ಚು ಮುರಿದಾಗ ಏಳುವಂತಹ ನಿಟ್ಟುಸಿರು. ಕಡೆಯ ಗಳಿಗೆಯಲ್ಲಿ ತೀರ್ಪುಗಾರರು ದೂರದರ್ಶನದ ಚಿತ್ರವನ್ನು ಮರಳಿ ನೋಡಿ ವೆಸ್ಟ್ ಹ್ಯಾಮಿಗೆ ಪೆನಾಲ್ಟಿಯನ್ನು ಕೊಟ್ಟರು. 2-1. ಒಂಬತ್ತು ಪಂದ್ಯಗಳಾದ ಮೇಲೆ ಯುನೈಟೆಡ್ಡಿಗೆ ಪಟ್ಟಿಯಲ್ಲಿ 14ನೆಯ ಸ್ಥಾನ.

ಆಟ ಮುಗಿದ ಮೇಲೆ ಮೊದಲಾಯಿತು ನೋಡಿ ನಿಜವಾದ ಆಟ. ಆಗಿನ ಮ್ಯಾನೇಜರು ಎರಿಕ್ ಟೆನ್ ಹಾಗ್, ಹಾಲೆಂಡಿನವರು. 2022ರಲ್ಲಿ ಬಂದು ಎರಡು ಕಪ್ಪುಗಳನ್ನು ಗೆದ್ದುಕೊಟ್ಟವರು. ಐದು ತಿಂಗಳ ಹಿಂದೆ ಎಫ್.ಎ. ಕಪ್ಪನ್ನು ಗೆದ್ದಾಗ ಇವರೇ ಅವರನ್ನು ಹಾಡಿ ಹೊಗಳಿದ್ದರು. ಈಗ ಮೂಲೆಯಲ್ಲಿದ್ದ ತರುಣನೊಬ್ಬನು, ನಾಳೆ ಬೆಳಗಾಗುವುದರೊಳಗೆ ಈ ಮನುಷ್ಯನು ಪೆಟ್ಟಿಗೆ ಕಟ್ಟಬೇಕೆಂದನು. ಇನ್ನೊಬ್ಬನು, ಆಟಗಾರನಿಗೆ ಬರಿದಾದ ಗೋಲು ಕಾಣದಿದ್ದರೆ ಮ್ಯಾನೇಜರು ಏನು ಮಾಡಿಯಾನೆಂದು ಕೇಳಿದನು. ನಮ್ಮ ಹುಡುಗಿಯು ತಪ್ಪೆಲ್ಲವನ್ನೂ ಮಾಲಿಕರ ತಲೆಗೆ ಕಟ್ಟಿದಳು: ಅಮೆರಿಕದ ಗ್ಲೇಜರ್ ಕುಟುಂಬದವರು 2005ರಲ್ಲಿ ಸಾಲ ಮಾಡಿ ತಂಡವನ್ನು ಕೊಂಡು, ಆ ಸಾಲವನ್ನು ತಂಡದ ಲೆಕ್ಕಕ್ಕೇ ಹೊರಿಸಿದರು, ಮನೆಯ ತಳಪಾಯವು ಕುಸಿದಿರುವಾಗ ಅಡಿಗೆಯವನನ್ನು ಬದಲಾಯಿಸಿದರೇನು? ವೈದ್ಯರು ಏನೋ ಹೇಳಲು ಬಾಯಿ ತೆರೆದರು. “ಅಪ್ಪಾ, ನೀ ಸುಮ್ಮನ ಕೂಡು, ನಿಂದು ನಿನ್ನೆ ಗೆದ್ದೈತಿ,” ಎಂದಳು. ಮೈಮರೆತಾಗ ಅವಳ ಬಾಯಲ್ಲಿ ಬರುವುದು ಹುಬ್ಬಳ್ಳಿಯ ಕನ್ನಡ.

ನನ್ನ ಪಕ್ಕದಲ್ಲಿ ಒಬ್ಬ ವೃದ್ಧರು ಕುಳಿತಿದ್ದರು. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಕಡೆಗೆ ನನ್ನ ಕಡೆಗೆ ತಿರುಗಿ, “ಅಯ್ಯಾ, ಇವರೆಲ್ಲ ಹೇಳುವುದನ್ನು ನಾನು 1989ರಲ್ಲಿ ಹೇಳಿದ್ದೇನೆ, ಇದಕ್ಕಿಂತ ಗಟ್ಟಿಯಾಗಿ ಹೇಳಿದ್ದೇನೆ,” ಎಂದರು.

ಆ ಕಥೆಯು ಅಲ್ಲಿ ಮಕ್ಕಳಿಗೂ ಬಾಯಿಪಾಠ. 1986ರ ನವೆಂಬರಿನಲ್ಲಿ ಸ್ಕಾಟ್ಲೆಂಡಿನ ಅಲೆಕ್ಸ್ ಫರ್ಗುಸನ್ನರು ಮ್ಯಾನೇಜರಾಗಿ ಬಂದಾಗ ತಂಡವು ಕೆಳಗಿನಿಂದ ಎರಡನೆಯದಾಗಿತ್ತು. ಒಂದು ವರುಷ ಮೇಲೇರಿ ಮತ್ತೆ ಜಾರಿತು. 1989ರ ಸೆಪ್ಟೆಂಬರಿನಲ್ಲಿ ಸಿಟಿಯ ಕೈಯಲ್ಲಿ 5-1ರ ಸೋಲು. ಅಂದು ಫರ್ಗುಸನ್ನರು ಮನೆಗೆ ಹೋಗಿ ದಿಂಬನ್ನು ತಲೆಯ ಮೇಲೆಳೆದುಕೊಂಡು ಮಲಗಿದರೆಂದು ತಾವೇ ಆಮೇಲೆ ಹೇಳಿಕೊಂಡಿದ್ದಾರೆ. ಡಿಸೆಂಬರಿನಲ್ಲಿ ಓಲ್ಡ್ ಟ್ರಾಫರ್ಡಿನಲ್ಲಿಯೇ ಒಬ್ಬ ಅಭಿಮಾನಿಯು, ಮೂರು ವರುಷ ನೆಪ ಹೇಳಿದ್ದು ಸಾಕು, ಹೊರಡಿರಿ ಎಂಬರ್ಥದ ಬಟ್ಟೆಯ ಹಲಗೆಯನ್ನೆತ್ತಿ ಹಿಡಿದನು. 1990ರ ಜನವರಿ 7ರ ಭಾನುವಾರ ನಾಟಿಂಗ್‌ಹ್ಯಾಮ್ ಫಾರೆಸ್ಟ್ ತಂಡದೊಡನೆ ಎಫ್.ಎ. ಕಪ್ಪಿನ ಪಂದ್ಯವಿತ್ತು. ಸೋತರೆ ಫರ್ಗುಸನ್ನರ ಕೆಲಸ ಹೋಯಿತೆಂದು ಪತ್ರಿಕೆಗಳು ಬರೆದುವು. ಮಾರ್ಕ್ ರಾಬಿನ್ಸ್ ಎಂಬ ಇಪ್ಪತ್ತು ವರುಷದ ಹುಡುಗನು ತಲೆಯಿಂದ ಹೊಡೆದ ಒಂದು ಗೋಲಿನಿಂದ ಯುನೈಟೆಡ್ ಗೆದ್ದಿತು. ಮೇ ತಿಂಗಳಲ್ಲಿ ಕಪ್ಪೂ ಬಂದಿತು. 2013ರಲ್ಲಿ ಫರ್ಗುಸನ್ನರು ನಿವೃತ್ತರಾಗುವ ಹೊತ್ತಿಗೆ ಹದಿಮೂರು ಸಲ ಲೀಗನ್ನು ಗೆದ್ದಿದ್ದರು. ತಮಗೆ ಅವರನ್ನು ತೆಗೆಯುವ ಉದ್ದೇಶವೇ ಇರಲಿಲ್ಲವೆಂದು ಆಡಳಿತದವರು ತರುವಾಯ ಹೇಳಿದರು. ಅದನ್ನು ವೃದ್ಧರು ಅರ್ಧ ನಂಬುತ್ತಾರೆ.

“ಹಾಗಾದರೆ ಇವರಿಗೂ ಕಾಲಾವಕಾಶ ಕೊಡಬೇಕಲ್ಲವೇ?” ಎಂದು ಕೇಳಿದೆ.

“ಅದೇ ತೊಡಕು,” ಎಂದರು. “ಇಳಿಯುವ ದಾರಿಯಲ್ಲಿ ಎಲ್ಲರೂ ಫರ್ಗುಸನ್ನರಂತೆಯೇ ಕಾಣುತ್ತಾರೆ.”

ನನಗೆ ಅವರ ಮಾತು ಸರಿಯೆಂದು ತೋರುತ್ತದೆ. ಆ ಊರಿನವರು ತಾಳ್ಮೆಯ ಕಥೆಯನ್ನು ಬಲು ಪ್ರೀತಿಯಿಂದ ಹೇಳುವರು. ಆದರೆ ಅದೇ ತಂಡದ ಲೆಕ್ಕಪುಸ್ತಕದಲ್ಲಿ ಬೇರೆ ಪುಟಗಳೂ ಇವೆ. ಬಸ್ಬಿಯವರ ತರುವಾಯ ಬಂದ ವಿಲ್ಫ್ ಮೆಗಿನ್ನೆಸ್ಸರಿಗೂ ಫ್ರಾಂಕ್ ಓಫ್ಯಾರೆಲ್ಲರಿಗೂ ತಲಾ ಎರಡು ವರುಷವೂ ತುಂಬಲಿಲ್ಲ. ಟಾಮಿ ಡೋಹರ್ಟಿಯವರ ಕೈಕೆಳಗೆ 1974ರಲ್ಲಿ ತಂಡವು ಎರಡನೆಯ ದರ್ಜೆಗೇ ಬಿದ್ದಿತು; ಆದರೂ ಅವರನ್ನು ಉಳಿಸಿಕೊಂಡರು, ಮರುವರ್ಷವೇ ತಂಡವು ಮೇಲೆ ಬಂದಿತು. ಫರ್ಗುಸನ್ನರು ತಾವೇ ಆರಿಸಿದ ಡೇವಿಡ್ ಮೋಯ್ಸರಿಗೆ 2013ರಲ್ಲಿ ಆರು ವರುಷದ ಕರಾರಾಯಿತು. 2014ರ ಮಾರ್ಚಿಯಲ್ಲಿ ಅಭಿಮಾನಿಗಳು ಹಣ ಕೂಡಿಸಿ, ಅವರನ್ನು ತೆಗೆಯಿರೆಂಬ ಬರಹವನ್ನು ಒಂದು ವಿಮಾನದ ಬಾಲಕ್ಕೆ ಕಟ್ಟಿ ಮೈದಾನದ ಮೇಲೆ ಹಾರಿಸಿದರು. ಆ ಪಂದ್ಯವನ್ನು ತಂಡವು 4-1ರಿಂದ ಗೆದ್ದುದು ಒಂದು ವಿನೋದ. ಏಪ್ರಿಲಿನಲ್ಲಿ ಮೋಯ್ಸರು ಮನೆಗೆ ಹೋದರು. ತಾಳ್ಮೆಯು ಫಲಿಸಿದರೆ ಅದಕ್ಕೆ ದೂರದೃಷ್ಟಿಯೆಂದು ಹೆಸರು, ಫಲಿಸದಿದ್ದರೆ ಜಡತೆಯೆಂದು. ಎರಡನ್ನೂ ಹೆಸರಿಡುವವರು ಅವೇ ಮೇಜಿನ ಸುತ್ತ ಕುಳಿತಿರುವರು. ಇನ್ನು ಆಡಳಿತದವರು ಮ್ಯಾನೇಜರಲ್ಲಿ ತಮಗೆ ಪೂರ್ಣ ವಿಶ್ವಾಸವಿದೆಯೆಂದು ಪ್ರಕಟಿಸಿದರಂತೂ ಪಬ್ಬಿನವರು ಒಬ್ಬರ ಮುಖವನ್ನೊಬ್ಬರು ನೋಡುವರು. ಅದು ಹಲ್ಲಿಯ ಶಕುನಕ್ಕಿಂತ ಕೆಟ್ಟದೆಂದು ಅಲ್ಲಿ ಪ್ರತೀತಿ.

ಸೋಮವಾರ ಮಧ್ಯಾಹ್ನಕ್ಕೆ ಮುನ್ನ ಟೆನ್ ಹಾಗರನ್ನು ತೆಗೆದ ಸುದ್ದಿ ಬಂದಿತು. ನಾನಾಗ ಟ್ರಾಮಿನಲ್ಲಿದ್ದೆ. ಜನರು ಒಬ್ಬೊಬ್ಬರಾಗಿ ಫೋನನ್ನು ನೋಡಿ, ಪರಿಚಯವಿಲ್ಲದವರೊಡನೆಯೂ ಎರಡು ಮಾತನಾಡಿದರು. ಆ ದೇಶದಲ್ಲಿ ಇದು ಸಾಮಾನ್ಯವಲ್ಲ. ಮನೆಗೆ ಬಂದು ನೋಡಿದರೆ ಹುಡುಗಿಯು ಚಕ್ಕುಲಿಯ ಮುಂದೆ ಮಂಕಾಗಿ ಕುಳಿತಿದ್ದಳು. ಹೋದುದೇ ಒಳ್ಳೆಯದಾಯಿತೆಂದು ಅವಳೂ ಒಪ್ಪಿದಳು. ಆದರೆ ಕಪ್ಪನ್ನು ಹಿಡಿದು ನಕ್ಕಿದ್ದ ಅವರ ಪಟವು ಇನ್ನೂ ಅವಳ ಕೋಣೆಯ ಗೋಡೆಯ ಮೇಲಿತ್ತು. ಅದನ್ನು ತೆಗೆಯಲು ಕೈ ಬರಲಿಲ್ಲ. ತಂಡವು ಹೊಸ ಮ್ಯಾನೇಜರನ್ನು ತಂದರೂ ಆ ವರ್ಷದ ಪಟ್ಟಿಯಲ್ಲಿ ಕಡೆಗೆ 15ನೆಯ ಸ್ಥಾನಕ್ಕೆ ನಿಂತಿತು.

ನಾನು ಊರಿಗೆ ಮರಳಿದ ಕೆಲವು ದಿನಗಳಲ್ಲಿ ಇನ್ನೊಂದು ಸುದ್ದಿಯನ್ನೋದಿದೆ. 1990ರಲ್ಲಿ ತಲೆಯಿಂದ ಗೋಲು ಹೊಡೆದ ಆ ಮಾರ್ಕ್ ರಾಬಿನ್ಸರು ತಾವೂ ಮ್ಯಾನೇಜರಾಗಿ, 2017ರಿಂದ ಕವೆಂಟ್ರಿ ನಗರದ ತಂಡವನ್ನು ನಡೆಸುತ್ತಿದ್ದರು. ನಾಲ್ಕನೆಯ ದರ್ಜೆಗೆ ಇಳಿದ ಆ ತಂಡವನ್ನು ಅವರು ಎರಡನೆಯ ದರ್ಜೆಗೆ ಏರಿಸಿದರು. 2024ರ ಏಪ್ರಿಲಿನಲ್ಲಿ ಎಫ್.ಎ. ಕಪ್ಪಿನ ಉಪಾಂತ್ಯದಲ್ಲಿ ಟೆನ್ ಹಾಗರ ಯುನೈಟೆಡ್ಡನ್ನೇ ಎದುರಿಸಿ, ಮೂರು ಗೋಲುಗಳ ಹಿನ್ನಡೆಯಿಂದ ಸಮಕ್ಕೆ ಬಂದು, ಕಡೆಗೆ ಪೆನಾಲ್ಟಿಗಳಲ್ಲಿ ಸೋತರು. ನವೆಂಬರ್ 7ರಂದು, ಅಂದರೆ ಟೆನ್ ಹಾಗರು ಹೋದ ಹತ್ತು ದಿನಗಳಿಗೆ, ಕವೆಂಟ್ರಿಯವರು ರಾಬಿನ್ಸರನ್ನೂ ತೆಗೆದರು. 2025ರ ಜನವರಿ 1ರಂದು ಸ್ಟೋಕ್ ಎಂಬ ಊರಿನ ತಂಡವು ಅವರನ್ನು ಕರೆದು ಕೆಲಸ ಕೊಟ್ಟಿತು.