ಮೂರು ಬಣ್ಣದ ಜೀಪು

ಹಾಲ್ಕುರಿಕೆಯಲ್ಲಿ ನಮ್ಮ ದೊಡ್ಡಪ್ಪನ ತೋಟದ ಜೀಪು ಯಾವ ಬಣ್ಣದ್ದು ಎಂದು ಯಾರಾದರೂ ಕೇಳಿದರೆ, ಯಾವ ಭಾಗದ ಬಣ್ಣ ಎಂದು ನಾವೇ ತಿರುಗಿ ಕೇಳಬೇಕು. ಬಾನೆಟ್ಟಿನ ಮೇಲಿರುವುದು ಬಿಸಿಲಿಗೆ ಸತ್ವ ಕಳೆದುಕೊಂಡ ನೀಲಿ, ಬೆರಳಿಟ್ಟರೆ ಪುಡಿ ಅಂಟುತ್ತದೆ. ಮಡ್‌ಗಾರ್ಡಿನ ಅಂಚಿನಲ್ಲಿ ಆ ನೀಲಿಯೂ ಸವೆದು ಬೂದು ಬಣ್ಣ ಇಣುಕಿದೆ. ಸ್ಟೀರಿಂಗಿನ ಕೆಳಗೆ, ಬಿಸಿಲು ತಾಗದ ಮೂಲೆಯಲ್ಲಿ, ಗಾಡಿ ಬಂದಾಗಿನ ಹಸಿರು ಹಾಗೇ ಉಳಿದಿದೆ. ಹಿಂದಿನ ತೊಟ್ಟಿಯೊಳಗೆ ಮಾತ್ರ ಬಣ್ಣವೆಂಬುದೇ ಇಲ್ಲ. ಕಾಯಿ, ಎಡಮಟ್ಟೆಯ ಹೊರೆ, ಕೊಬ್ಬರಿ ಚೀಲ ಎಲ್ಲ ಸೇರಿ ಉಜ್ಜಿ ಉಜ್ಜಿ ತಗಡು ಬೆಳ್ಳಗೆ ಮಿರುಗುತ್ತದೆ. ಇಷ್ಟು ಚೆಂದದ ಸವೆತವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇದು ಮಹೀಂದ್ರದವರು ಮಾಡಿದ ವಿಲೀಸ್ ಜೀಪು. ಸ್ವಾತಂತ್ರ್ಯ ಬಂದ ಆಸುಪಾಸಿನಲ್ಲೇ ಅವರು ಅಮೆರಿಕದ ವಿಲೀಸ್ ಕಂಪನಿಯ ಬಿಡಿಭಾಗ ತರಿಸಿ ಮುಂಬೈಯಲ್ಲಿ ಜೀಪು ಜೋಡಿಸತೊಡಗಿದ್ದರು. ಎತ್ತರದ ಬಾನೆಟ್ಟಿನ ಈ ಸಿಜೆ3ಬಿ ಅಮೆರಿಕದಲ್ಲಿ ಹೊರಬಂದದ್ದು 1953ರಲ್ಲಿ. ಅದರ ಹರಿಕೇನ್ ಎಂಜಿನ್ ಹಳೆಯದಕ್ಕಿಂತ ಎತ್ತರವಾಗಿತ್ತು, ಮುಚ್ಚಲು ಬಾನೆಟ್ಟನ್ನೂ ಏರಿಸಬೇಕಾಯಿತು. ನಮ್ಮ ಗಾಡಿಯ ನಂಬರು ಮೈಸೂರು ರಾಜ್ಯದ ಎಂ.ವೈ. ಎಂದೇ ಶುರುವಾಗುತ್ತದೆ. ಗಾಡಿ 1973ರಲ್ಲಿ ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಗುವುದಕ್ಕೂ ಮುಂಚಿನದು. ಹಿಂದಿನ ಬಾಡಿ ಕೊಯ್ದು, ಅಲ್ಲಿ ತೊಟ್ಟಿ ಕೂರಿಸಿ, ಅದನ್ನು ಕಾಯಿ ಹೊರುವ ಪಿಕಪ್ ಮಾಡಿದ್ದು ತಿಪಟೂರಿನ ವೆಲ್ಡಿಂಗ್ ಅಂಗಡಿಯಲ್ಲಿ.

ನಮ್ಮ ಸೀಮೆಯ ಬೆಳೆಗೆ ಇಂಥದೇ ಗಾಡಿ ಒಪ್ಪುತ್ತಿತ್ತು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಉಂಡೆ ಕೊಬ್ಬರಿಗೆ ಅವಸರ ಆಗದು. ಕಾಯಿ ಕೆಡವಿಸಿ, ಅಟ್ಟಕ್ಕೇರಿಸಿ, ಒಳಗಿನ ನೀರು ಹಿಂಗಿ ಗಿಟುಕು ಲೊಟಲೊಟ ಎನ್ನುವ ತನಕ ಹತ್ತಿರ ಹತ್ತಿರ ವರ್ಷ ಕಾಯಬೇಕು. ಆಮೇಲೆ ಸುಲಿದು, ಚಿಪ್ಪು ಒಡೆದು, ಚೀಲ ತುಂಬಿ ತಿಪಟೂರಿನ ಎ.ಪಿ.ಎಂ.ಸಿ. ಹರಾಜಿಗೆ ಒಯ್ಯಬೇಕು. ಅಷ್ಟು ಕಾದವರಿಗೆ ಗಾಡಿ ಹತ್ತು ನಿಮಿಷ ತಡವಾದರೆ ನಷ್ಟವಿಲ್ಲ. ಬೇಕಿದ್ದದ್ದು ಹಿಂಗಾರು ಮಳೆಯಲ್ಲಿ ಹದಗೆಟ್ಟ ತೋಟದೊಳಗೆ ಸಾಲಿನಿಂದ ಸಾಲಿಗೆ ನುಗ್ಗುವ ಶಕ್ತಿ. ನಾಲ್ಕೂ ಚಕ್ರ ಎಳೆಯುವ ಜೀಪಿಗೆ ಅದಿತ್ತು.

ಕಷ್ಟ ಬಂದದ್ದು ಪೆಟ್ರೋಲಿನಿಂದ. 1973ರ ತೈಲ ಬಿಕ್ಕಟ್ಟಿನ ಮೇಲೆ ದರ ಏರಿದಾಗ, 2.2 ಲೀಟರಿನ ಪೆಟ್ರೋಲ್ ಎಂಜಿನ್ನು ಕಾಯಿಯ ಬಾಡಿಗೆಯನ್ನೆಲ್ಲ ಕುಡಿಯತೊಡಗಿತು. ಕಂಪನಿಯವರೂ ಇಂಟರ್‌ನ್ಯಾಷನಲ್ ಟ್ರ್ಯಾಕ್ಟರಿನ ಡೀಸೆಲ್ ಎಂಜಿನ್ನನ್ನು, ಮುಂದೆ ಫ್ರಾನ್ಸಿನ ಪ್ಯೂಜೋ ಎಂಜಿನ್ನನ್ನು ಹೊಸ ಜೀಪುಗಳಿಗೆ ಹಾಕಿದರು. ಹಳೆಯ ಜೀಪಿನವರಿಗೆ ಆ ಕೆಲಸ ಮಾಡಿಕೊಟ್ಟವರು ಊರೂರಿನ ಮೆಕ್ಯಾನಿಕ್ಕುಗಳು. ದೊಡ್ಡಪ್ಪನ ಗಾಡಿಗೆ ಸಿಕ್ಕಿದ್ದು ಬಜಾಜ್ ಟೆಂಪೋದವರ ಮೆಟಡೋರ್ ಎಂಜಿನ್. ಮರ್ಸಿಡಿಸ್ ಪರವಾನಗಿಯಲ್ಲಿ ತಯಾರಾದ, 2.4 ಲೀಟರಿನ ಗಟ್ಟಿ ಡೀಸೆಲ್. ಬೆಂಗಳೂರಿನ ಶಿವಾಜಿನಗರದ ಗುಜರಿಯಿಂದ ಕಾಯಿ ಲಾರಿಯಲ್ಲಿ ಬಂದಿಳಿಯಿತು.

ಅದನ್ನು ಕೂರಿಸಿದ ಮೆಕ್ಯಾನಿಕ್ ಸಾಬ್ರ ಕೆಲಸ ನೋಡುತ್ತ ನಾನು ಶಾಲೆಗೆ ಚಕ್ಕರ್ ಹಾಕಿದ್ದುಂಟು. ಮೆಟಡೋರ್ ಎಂಜಿನ್ನಿನ ಬೋಲ್ಟು ತೂತುಗಳು ಜೀಪಿನ ಗೇರ್‌ಬಾಕ್ಸಿಗೆ ಕೂಡುವುದಿಲ್ಲ. ನಡುವೆ ದಪ್ಪ ಉಕ್ಕಿನ ಪ್ಲೇಟೊಂದು ಬೇಕು. ಸಾಬ್ರು ಎಂಜಿನ್ನಿನ ಮುಖಕ್ಕೆ ರಟ್ಟು ಒತ್ತಿ ಹಿಡಿದು, ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ ತಟ್ಟಿ ಒಂದೊಂದು ತೂತಿನ ಗುರುತು ತೆಗೆದರು. ಗೇರ್‌ಬಾಕ್ಸಿನ ಮುಖಕ್ಕೂ ಹಾಗೇ. ಎರಡು ರಟ್ಟನ್ನೂ ನಡುಬಿಂದು ಹೊಂದಿಸಿ ಲೇತಿನವರಿಗೆ ಕೊಟ್ಟರು. ಆ ನಡುಬಿಂದು ಕೂದಲೆಳೆಯಷ್ಟು ತಪ್ಪಿದರೂ ಕ್ಲಚ್ಚು ನಡುಗಿ, ಬೇರಿಂಗು ಬೇಗ ಕೈಕೊಡುತ್ತದೆ. ನಮ್ಮದು ಇವತ್ತಿಗೂ ನಡುಗಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಡೀಸೆಲ್ ಎಂಜಿನ್ ಭಾರ, ಆದ್ದರಿಂದ ಮುಂದಿನ ಪಾಟಾಕ್ಕೆ ಒಂದು ಪ್ಲೇಟು ಹೆಚ್ಚು ಬಿತ್ತು. ಅದು ತಿರುಗುವುದೂ ನಿಧಾನ. 5.38ರ ಹಳೇ ಕ್ರೌನ್ ಪಿನಿಯನ್ನಿನಲ್ಲಿ ಎಂಜಿನ್ ಅರಚುತ್ತಿತ್ತೇ ಹೊರತು ಗಾಡಿ ಓಡುತ್ತಿರಲಿಲ್ಲ, ಹಾಗಾಗಿ ಅದೂ ಬದಲಾಯಿತು. ಬ್ರೇಕಿಗೆ ಬೂಸ್ಟರ್ ಹಾಕಿ, ಅದಕ್ಕೆ ಬೇಕಾದ ಎಳೆತಕ್ಕೆ ವ್ಯಾಕ್ಯೂಮ್ ಪಂಪು ಜೋಡಿಸಿದ ಆಲ್ಟರ್ನೇಟರ್ ತಂದರು. ಎಲ್ಲ ಮುಗಿದ ದಿನ ಸಾಬ್ರು ಕೈ ಒರೆಸಿಕೊಳ್ಳುತ್ತ, “ಯಜಮಾನ್ರೆ, ಹಂಗೇ ಒಂದ್ ಕೋಟ್ ಪೇಂಟೂ ಹೊಡ್ಸಿಬುಡಾನ?” ಅಂದರು. ದೊಡ್ಡಪ್ಪ, “ಬ್ಯಾಡ ಸಾಬ್ರೆ, ಕಾಯಿ ತುಂಬೋ ಗಾಡಿಗೆ ಪೇಂಟ್ ಯಾಕೆ? ಆ ದುಡ್ಡು ಇನ್ನೊಂದು ಸಾಮಾನಿಗೆ ಆಯ್ತದೆ” ಅಂದಿದ್ದರು. ಆ ನೀಲಿಯ ಮೇಲೆ ಮತ್ತೆ ಬಣ್ಣ ಬೀಳಲಿಲ್ಲ. ಮುಂದೆ ಐದು ಗೇರಿನ ಡಬ್ಬ ಬಂತು, ಮುಂಚಕ್ರಕ್ಕೆ ಡಿಸ್ಕ್ ಬ್ರೇಕು ಬಂತು, ದೊಡ್ಡಪ್ಪನ ಭುಜ ನೋಯತೊಡಗಿದಾಗ ಪವರ್ ಸ್ಟೀರಿಂಗೂ ಬಂತು.

ಜೀಪು ಹೊತ್ತದ್ದು ಕಾಯಿಯನ್ನಷ್ಟೇ ಅಲ್ಲ. ಮದುವೆ ದಿಬ್ಬಣ, ಗೌರಿ ಗಣೇಶ, ಹೆರಿಗೆ ನೋವು ಬಂದ ಹೆಂಗಸರು, ತಿಪಟೂರಿನ ಆಸ್ಪತ್ರೆಯಿಂದ ಹೆಣವಾಗಿ ಮರಳಿದವರು, ಎಲ್ಲರಿಗೂ ಅದೇ ತೊಟ್ಟಿ.

ಹೊಸ ಗಾಡಿಗಳು ಬಂದವು: 1986ರಲ್ಲಿ ಟಾಟಾ 407, 2005ರಲ್ಲಿ ಟಾಟಾ ಏಸ್, ಆಮೇಲೆ ಎಲ್ಲೆಲ್ಲೂ ಬೊಲೆರೋ ಪಿಕಪ್. ಹೆಚ್ಚು ಹೊರುತ್ತವೆ, ಕೀ ತಿರುಗಿಸಿದರೆ ಹೊರಡುತ್ತವೆ, ಕಂತಿನಲ್ಲಿ ಸಿಗುತ್ತವೆ. ಅವುಗಳ ಮೇಲೆ ನನಗೆ ಸಿಟ್ಟಿಲ್ಲ. ಜೊತೆಗೆ ಬೆಳೆಯ ದಾರಿಯೂ ಬದಲಾಗಿದೆ. ಎಷ್ಟೋ ತೋಟಗಳಲ್ಲಿ ಈಗ ಕಾಯಿ ಅಟ್ಟ ಹತ್ತುವುದಿಲ್ಲ. ಎಳನೀರಾಗಿಯೋ ಹಸಿಗಾಯಿಯಾಗಿಯೋ ಬುಡದಲ್ಲೇ ಮಾರಾಟವಾಗುತ್ತದೆ, ವ್ಯಾಪಾರಿಯ ಗಾಡಿಯೇ ತೋಟಕ್ಕೆ ಬರುತ್ತದೆ. ಜೀಪಿಗೆ ಕೆಲಸವೇ ಕಡಿಮೆಯಾಯಿತು.

ನನ್ನ ಸಂಕಟ ಬೇರೆ. ಈ ಗಾಡಿಗೆ ಕಾನೂನಿನಲ್ಲಿ ಜಾಗವಿಲ್ಲ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ನಿಯಮ ತಂದಿತು. 50 ವರ್ಷ ದಾಟಿರಬೇಕು, ಮೂಲ ರೂಪದಲ್ಲೇ ಇರಬೇಕು, ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು, ಬಾಡಿಗೆ ಕೆಲಸಕ್ಕೆ ಓಡಿಸಬಾರದು. ನಮ್ಮ ಜೀಪಿಗೆ ವಯಸ್ಸಿದೆ. ಮಿಕ್ಕದ್ದೆಲ್ಲ ಬದುಕಿನ ಜೊತೆ ಬದಲಾಗಿದೆ. ಇನ್ನೊಂದು ಕಡೆ, ತಯಾರಕರ ವಿವರಕ್ಕೆ ವಿರುದ್ಧವಾಗಿ ವಾಹನ ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿತು. ರಸ್ತೆಯ ಮೇಲಿನ ಜೀವಗಳ ದೃಷ್ಟಿಯಿಂದ ಅದು ಸರಿಯಾದ ಮಾತೇ. ಆದರೂ ರಟ್ಟಿನಲ್ಲಿ ಅಳತೆ ತೆಗೆದು, ಇರುವುದರಲ್ಲೇ ಹೊಸದನ್ನು ಕೂರಿಸುತ್ತಿದ್ದ ಜಾಣ್ಮೆ ಹಳೆಯದು ಎಂದೂ ಅನ್ನಿಸಿಕೊಳ್ಳದೆ, ಹೊಸದು ಎಂದೂ ಅನ್ನಿಸಿಕೊಳ್ಳದೆ ಕಂಡಮ್ ಆಗುತ್ತಿದೆ. ಮೂಲ ರೂಪ ಕಾಪಾಡಿದವರಿಗೆ ಗೌರವ ಸಿಗುವ ನಾಡಿನಲ್ಲಿ, ಬದಲಿಸಿ ಬದಲಿಸಿ ಉಳಿಸಿದವರಿಗೂ ಒಂದಿಷ್ಟು ಸಿಗಬೇಕು ಎಂದು ನಾನು ನಂಬುತ್ತೇನೆ.

ಈಚೆಗೆ ಬೆಂಗಳೂರಿನಿಂದ ಹಳೇ ಜೀಪು ಕೂಡಿಸುವವರೊಬ್ಬರು ಬಂದು ಒಳ್ಳೆಯ ಬೆಲೆ ಹೇಳಿ ಹೋಗಿದ್ದಾರೆ. ಡೀಸೆಲ್ ಎಂಜಿನ್ ಕಿತ್ತು ಎಲ್ಲಿಂದಾದರೂ ಹರಿಕೇನ್ ತಂದು ಕೂರಿಸುತ್ತಾರಂತೆ, ತೊಟ್ಟಿ ತೆಗೆಸಿ, ಮೂರೂ ಬಣ್ಣ ಕೆರೆಸಿ ಮಿಲಿಟರಿ ಹಸಿರು ಹೊಡೆಸುತ್ತಾರಂತೆ. ಅವರ ಪ್ರೀತಿ ನಿಜವಾದದ್ದು, ಮಾತಾಡುವಾಗ ಗೊತ್ತಾಗುತ್ತಿತ್ತು. ಆದರೆ ಅವರಿಗೆ ಬೇಕಾದ ಜೀಪು ನಮ್ಮ ತೋಟಕ್ಕೆ ಬರುವುದಕ್ಕಿಂತ ಮುಂಚಿನದು. ತೋಟದಲ್ಲಿ ದುಡಿದ ಜೀಪು ಆ ಕೆರೆತದಲ್ಲಿ ಉದುರಿಹೋಗುತ್ತದೆ. ದೊಡ್ಡಪ್ಪನ ಮಗನಿಗೆ ಸಾಲವಿದೆ, ಮಾರಬೇಡ ಎನ್ನುವ ಹಕ್ಕು ನನಗಿಲ್ಲ. ಮಾರುವ ಮುಂಚೆ ಆ ಉಕ್ಕಿನ ಪ್ಲೇಟು ಬಿಚ್ಚಿಸಿ ನನಗೆ ಕೊಡು ಎಂದಷ್ಟೇ ಕೇಳಿದ್ದೇನೆ. ಸಾಬ್ರಿಗೆ ಈಗ ಕಣ್ಣು ಸರಿಯಾಗಿ ಕಾಣದು, ಕೈಯಲ್ಲಿ ಮುಟ್ಟಿದರೆ ಯಾವ ತೂತು ಯಾವುದರದೆಂದು ಹೇಳಬಲ್ಲರು. ಅವರ ಮಗ ಶೋರೂಮಿನಲ್ಲಿ ಗಾಡಿಗಳಿಗೆ ಕಂಪ್ಯೂಟರ್ ಜೋಡಿಸಿ ತೊಂದರೆ ಹುಡುಕುವ ಕೆಲಸದಲ್ಲಿದ್ದಾನೆ. ಭಾನುವಾರ ರಜೆ ಇರುತ್ತದೆ, ಅಪ್ಪ ಹೇಳಿದ್ದನ್ನು ಅಳತೆ ಸಮೇತ ಬರೆದುಕೊಳ್ಳುತ್ತೇನೆ ಎಂದು ಒಪ್ಪಿದ್ದಾನೆ.