ದುಭಾಷಿಯೂ ದ್ವಾರಪಾಲಕನೂ

ಟೆಲಿವಿಷನ್ನಿನ ಮಗ್ಗುಲಲ್ಲಿ ಒಂದು ಸಣ್ಣ ಪೆಟ್ಟಿಗೆ ಕುಳಿತಿರುತ್ತದೆ. ಮನೆಗೆ ಬಂದ ಅತಿಥಿಗಳು ಪರದೆಯ ಅಗಲವನ್ನು ಮೆಚ್ಚುತ್ತಾರೆ, ಬಣ್ಣಗಳ ಹೊಳಪನ್ನು ಹೊಗಳುತ್ತಾರೆ. ಪೆಟ್ಟಿಗೆಯ ಕಡೆಗೆ ಯಾರ ಕಣ್ಣೂ ಹಾಯುವುದಿಲ್ಲ. ಅದರ ಬೆನ್ನು ಸದಾ ಬೆಚ್ಚಗಿರುತ್ತದೆಂಬುದನ್ನು ಮನೆಯ ಬೆಕ್ಕು ಮಾತ್ರ ಬಲ್ಲದು. ಸೆಟ್‌ಟಾಪ್ ಬಾಕ್ಸ್, ಅಂದರೆ ಸೆಟ್ಟಿನ ತಲೆಯ ಮೇಲಣ ಪೆಟ್ಟಿಗೆ, ಎಂಬ ಹೆಸರು ಕೂಡ ಈಗ ಅದಕ್ಕೆ ಅಷ್ಟಾಗಿ ಒಪ್ಪುವುದಿಲ್ಲ. ಟೆಲಿವಿಷನ್ ತೆಳ್ಳಗಾಗಿ ಗೋಡೆಗೆ ಅಂಟಿಕೊಂಡ ಮೇಲೆ ಅದರ ತಲೆಯ ಮೇಲೆ ಒಂದು ಬೆಂಕಿಪೊಟ್ಟಣವನ್ನಿಡಲೂ ಸ್ಥಳವಿಲ್ಲ. ಆದರೂ ಆಕಾಶದಿಂದಲೋ ತಂತಿಯಿಂದಲೋ ಬರುವ ಚಿತ್ರವು ಪರದೆಯನ್ನು ಸೇರಬೇಕಾದರೆ ಈ ಅನಾಮಿಕನನ್ನು ದಾಟಿಯೇ ಬರಬೇಕು. ಅದು ನಡೆಸುವ ಉದ್ಯೋಗಗಳು ಎರಡು: ಒಂದು ದುಭಾಷಿಯದು, ಇನ್ನೊಂದು ದ್ವಾರಪಾಲಕನದು.

ದುಭಾಷಿಯ ಉದ್ಯೋಗ ಕನ್ನಡ ನಾಡಿಗೆ ಹೊಸದಲ್ಲ. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ, ಅಮೆರಿಕದ ಎ.ಟಿ.ಎಸ್.-6 ಎಂಬ ಉಪಗ್ರಹದ ನೆರವಿನಿಂದ, ಭಾರತದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟೆಲಿವಿಷನ್ ಕಾರ್ಯಕ್ರಮಗಳನ್ನು ತಲುಪಿಸುವ ‘ಸೈಟ್’ ಪ್ರಯೋಗ ನಡೆಯಿತು. ಕರ್ನಾಟಕದಲ್ಲಿ ಆಗಿನ ಬಿಜಾಪುರ, ಗುಲ್ಬರ್ಗಾ ಮತ್ತು ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದಕ್ಕೆ ಆಯ್ಕೆಯಾಗಿದ್ದವು. ಕೋಳಿಗೂಡಿಗೆ ಬಳಸುವ ತಂತಿಬಲೆಯಿಂದ ಮಾಡಿದ, ಮೂರು ಮೀಟರ್ ವ್ಯಾಸದ ಬೋಗುಣಿಯಂಥ ಆಂಟೆನಾ ಶಾಲೆಯ ಬಳಿಯಲ್ಲೋ ಪಂಚಾಯಿತಿಯ ಮನೆಯ ಬಳಿಯಲ್ಲೋ ಆಕಾಶವನ್ನು ನೋಡುತ್ತ ನಿಂತಿತು. ಉಪಗ್ರಹವು ಕಳುಹಿಸುತ್ತಿದ್ದ ಅಲೆಯ ಭಾಷೆ ಸಾಮಾನ್ಯ ಟೆಲಿವಿಷನ್ನಿಗೆ ತಿಳಿಯದು. ಆದುದರಿಂದ ಆಂಟೆನಾಕ್ಕೂ ಟೆಲಿವಿಷನ್ನಿಗೂ ನಡುವೆ ಒಂದು ಪರಿವರ್ತಕವನ್ನು ಇಟ್ಟಿದ್ದರು. ಇಂದಿನ ಪೆಟ್ಟಿಗೆಯ ಮುತ್ತಜ್ಜನೆಂದರೆ ಅದೇ. ಅದು ಅಲೆಯನ್ನು ಅನುವಾದಿಸುತ್ತಿತ್ತೇ ಹೊರತು, ಅಂಗಳದಲ್ಲಿ ಯಾರು ಕುಳಿತಿದ್ದಾರೆ, ಎಷ್ಟು ಜನ ಕುಳಿತಿದ್ದಾರೆ ಎಂದು ಕೇಳುತ್ತಿರಲಿಲ್ಲ. ಇಡೀ ಊರೇ ಬಂದು ಕುಳಿತರೂ ಅದಕ್ಕೆ ಅಭ್ಯಂತರವಿರಲಿಲ್ಲ.

ಉಪಗ್ರಹದ ಆ ಒಂದು ವರ್ಷ ಮುಗಿದ ಬಳಿಕ, 1977ರಲ್ಲಿ ಗುಲ್ಬರ್ಗಾದಲ್ಲಿ ನೆಲದ ಮೇಲಿನ ಪ್ರಸಾರ ಆರಂಭವಾಯಿತು. 1981ರ ನವೆಂಬರಿನಲ್ಲಿ ಬೆಂಗಳೂರು ದೂರದರ್ಶನ ಕೇಂದ್ರ ತೆರೆಯಿತು. ಮಾಳಿಗೆಗಳ ಮೇಲೆ ಮೀನಿನ ಮುಳ್ಳಿನಂಥ ಅಲ್ಯೂಮಿನಿಯಂ ಆಂಟೆನಾಗಳು ಎದ್ದುವು. ಇದು ಜಪಾನಿನ ಯಾಗಿ ಮತ್ತು ಊದಾ ಎಂಬ ವಿಜ್ಞಾನಿಗಳು 1926ರಲ್ಲಿ ಲೋಕಕ್ಕೆ ತಿಳಿಸಿದ ರಚನೆ. ಅದರ ಅಡ್ಡಕಡ್ಡಿಗಳ ಉದ್ದ, ಹಿಡಿಯಬೇಕಾದ ಅಲೆಯ ಉದ್ದದ ಸುಮಾರು ಅರ್ಧದಷ್ಟು. ಸೆಕೆಂಡಿಗೆ 20 ಕೋಟಿ ಸಲ ಕಂಪಿಸುವ ಅಲೆಯ ಉದ್ದ ಒಂದೂವರೆ ಮೀಟರ್. ಅದನ್ನು ಹಿಡಿಯುವ ಕಡ್ಡಿಗೆ ಮುಕ್ಕಾಲು ಮೀಟರ್ ಸಾಕು.

ಈ ಆಂಟೆನಾವನ್ನು ತಿರುಗಿಸುವ ಕೆಲಸ ಮನೆಯ ಹುಡುಗನ ಪಾಲಿಗೆ ಬರುತ್ತಿತ್ತು. ಗಾಳಿ ಬೀಸಿದರೆ, ಕಾಗೆ ಕುಳಿತರೆ, ಚಿತ್ರ ಕದಲುವುದು. ಹುಡುಗ ಮೇಲಿನಿಂದ “ಬಂತೇ?” ಎಂದು ಕೂಗುವನು, ಕೆಳಗಿನಿಂದ “ಇನ್ನೂ ಸ್ವಲ್ಪ... ಬಂತು, ಬಂತು... ಅಯ್ಯೋ, ಹೋಯಿತು!” ಎಂಬ ಉತ್ತರ. ಕೈಯನ್ನು ಕಂಬದ ಮೇಲಿಟ್ಟಾಗ ನೆಟ್ಟಗಿದ್ದ ಚಿತ್ರ ಕೈ ತೆಗೆದೊಡನೆ ಕೆಡುತ್ತಿತ್ತು. ಮನುಷ್ಯನ ದೇಹವೂ ಅಲೆಯ ಹಾದಿಯಲ್ಲಿ ಒಂದು ವಸ್ತುವೇ. ಕೆಲವು ಸಲ ಒಬ್ಬ ವಾರ್ತಾವಾಚಕನ ಪಕ್ಕದಲ್ಲಿ ಅವನದೇ ಮಸುಕಾದ ನೆರಳೊಂದು ಕಾಣಿಸುತ್ತಿತ್ತು. ನೇರವಾಗಿ ಬಂದ ಅಲೆಯ ಹಿಂದೆಯೇ ಗುಡ್ಡಕ್ಕೋ ಕಟ್ಟಡಕ್ಕೋ ಬಡಿದು ಸುತ್ತಿ ಬಂದ ಅಲೆ ಬರೆಯುತ್ತಿದ್ದ ಚಿತ್ರ ಅದು. 300 ಮೀಟರ್ ಹೆಚ್ಚು ದಾರಿ ನಡೆದ ಅಲೆಯು ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟು ತಡವಾಗಿ ಬರುತ್ತದೆ. ಅಷ್ಟು ಸಣ್ಣ ವಿಳಂಬವೂ ಪರದೆಯ ಮೇಲೆ ಕಣ್ಣಿಗೆ ಕಾಣುತ್ತಿತ್ತು! ಪ್ರಸಾರವಿಲ್ಲದಾಗ ಕುಣಿಯುತ್ತಿದ್ದ ಬಿಳಿ ಚುಕ್ಕಿಗಳಲ್ಲಿ ಒಂದು ಸಣ್ಣ ಪಾಲಂತೂ ವಿಶ್ವದ ಬಾಲ್ಯಕಾಲದಿಂದ ಉಳಿದು ಬಂದ ವಿಕಿರಣದ್ದು. ಅದನ್ನು ನೋಡಿ ಬೈದವರೇ ಹೆಚ್ಚು.

ಆ ಕಾಲದ ದೋಷಗಳೆಲ್ಲ ಹೀಗೆ ಕಣ್ಣಿಗೆ ಕಾಣುವ ದೋಷಗಳು. ಚಿತ್ರ ಕೆಡುತ್ತಿತ್ತು, ಪೂರ್ತಿ ಸಾಯುತ್ತಿರಲಿಲ್ಲ. ಹತ್ತಾಣೆ ಚಿತ್ರ, ಆರಾಣೆ ಮಂಜು ಎಂಬ ಸ್ಥಿತಿಯಲ್ಲೂ ಜನ 1987ರಲ್ಲಿ ರಾಮಾಯಣವನ್ನು ಕೈಮುಗಿದು ನೋಡಿದರು.

ಡಿಜಿಟಲ್ ಪದ್ಧತಿ ಈ ನಡುವಣ ಸ್ಥಿತಿಯನ್ನೇ ತೆಗೆದುಹಾಕಿತು. ಇದರಲ್ಲಿ ಚಿತ್ರವು ಅಲೆಯ ಏರಿಳಿತವಾಗಿ ಬರುವುದಿಲ್ಲ, ಅಂಕೆಗಳಾಗಿ ಬರುತ್ತದೆ. ಸಾಮಾನ್ಯ ಗುಣದ ಒಂದು ಚಿತ್ರದಲ್ಲಿ ಅಡ್ಡಲಾಗಿ 720, ಉದ್ದಕ್ಕೆ 576ರಂತೆ ನಾಲ್ಕು ಲಕ್ಷಕ್ಕೂ ಮಿಕ್ಕ ಚುಕ್ಕಿಗಳು. ಸೆಕೆಂಡಿಗೆ ಅಂಥ 25 ಚಿತ್ರಗಳು. ಇವೆಲ್ಲವನ್ನೂ ಹಾಗೆಯೇ ಕಳುಹಿಸಲು ಹೊರಟರೆ ದಾರಿ ಸಾಲದು. ಆದುದರಿಂದ ಬದಲಾಗದಿದ್ದುದನ್ನು ಮತ್ತೆ ಮತ್ತೆ ಕಳುಹಿಸುವುದಿಲ್ಲ. ವಾರ್ತಾವಾಚಕನ ತುಟಿ ಅಲುಗುತ್ತದೆ, ಹಿಂದಿನ ಗೋಡೆ ಅಲುಗುವುದಿಲ್ಲ. ಗೋಡೆ ಹಾಗೆಯೇ ಇದೆಯೆಂದು ಪೆಟ್ಟಿಗೆಗೆ ತಿಳಿಸಿದರೆ ಸಾಕು. ಈ ಜಾಣತನದಿಂದ ಹಿಂದೆ ಒಂದು ವಾಹಿನಿಗೆ ಬೇಕಾಗಿದ್ದ ಸ್ಥಳದಲ್ಲಿ ಹತ್ತಕ್ಕೂ ಹೆಚ್ಚು ವಾಹಿನಿಗಳು ಹಿಡಿಸಿದುವು. ಅಂಕೆಗಳ ಜೊತೆಗೆ ತಾಳೆ ನೋಡಲು ಕೆಲವು ಹೆಚ್ಚಿನ ಅಂಕೆಗಳೂ ಬರುತ್ತವೆ. ದಾರಿಯಲ್ಲಿ ಒಂದೆರಡು ತಪ್ಪಿದರೆ, ಲೆಕ್ಕದ ಪುಸ್ತಕವನ್ನು ಮೊತ್ತದಿಂದ ಸರಿಪಡಿಸುವ ಶ್ಯಾನುಭೋಗನಂತೆ, ಪೆಟ್ಟಿಗೆಯು ತಾನೇ ತಿದ್ದಿಕೊಳ್ಳುತ್ತದೆ. ತಪ್ಪು ಮಿತಿಮೀರಿತೋ, ಚಿತ್ರ ಚೌಕಚೌಕವಾಗಿ ಒಡೆದು ನಿಂತೇಹೋಗುತ್ತದೆ. ಒಂದೋ ನಿರ್ಮಲವಾದ ಚಿತ್ರ, ಇಲ್ಲವೋ ಕತ್ತಲೆ. ನೆರಳೂ ಇಲ್ಲ, ಮಂಜೂ ಇಲ್ಲ. ಬಹುಮಟ್ಟಿಗೆ ಇದು ಲಾಭವೇ ಸರಿ.

ದ್ವಾರಪಾಲಕನ ಉದ್ಯೋಗ ಬಂದದ್ದು ಕಾನೂನಿನಿಂದ. ಕೇಬಲ್ ಟೆಲಿವಿಷನ್ ಕಾನೂನಿಗೆ 2011ರಲ್ಲಾದ ತಿದ್ದುಪಡಿಯಂತೆ, ಕಾರ್ಯಕ್ರಮಗಳು ಗುಪ್ತಲಿಪಿಯಲ್ಲಿ ಹರಿಯಬೇಕು, ಮನೆಯಲ್ಲಿ ಪೆಟ್ಟಿಗೆ ಅದನ್ನು ಬಿಡಿಸಬೇಕು. 2012ರಲ್ಲಿ ಮಹಾನಗರಗಳಿಂದ ಆರಂಭವಾದ ಈ ಬದಲಾವಣೆ 2013ರಲ್ಲಿ ಬೆಂಗಳೂರು, ಮೈಸೂರುಗಳಿಗೆ ಬಂದಿತು. ಹಳ್ಳಿಗಳಿಗೆ ಕೊನೆಯ ಗಡುವು 2017ರ ಮಾರ್ಚ್ 31. ಇದಕ್ಕೆ ನ್ಯಾಯವಾದ ಕಾರಣವೂ ಇತ್ತು. ಹಳೆಯ ಕೇಬಲ್ ವ್ಯವಸ್ಥೆಯಲ್ಲಿ ಒಂದು ಬೀದಿಯ ಎಷ್ಟು ಮನೆಗಳಿಗೆ ತಂತಿ ಹೋಗಿದೆ ಎಂಬುದು ತಂತಿ ಎಳೆದವನಿಗೆ ಮಾತ್ರ ಗೊತ್ತು. ಸರ್ಕಾರಕ್ಕೂ ವಾಹಿನಿಗಳಿಗೂ ಅವನು ಹೇಳಿದ್ದೇ ಲೆಕ್ಕ. ಪ್ರತಿಯೊಂದು ಪೆಟ್ಟಿಗೆಗೂ ಒಂದು ಸಂಖ್ಯೆ ಬಂದ ಮೇಲೆ ಲೆಕ್ಕ ಬಯಲಾಯಿತು. 2019ರ ಫೆಬ್ರವರಿಯಿಂದ ವಾಹಿನಿಗಳನ್ನು ಬಿಡಿಬಿಡಿಯಾಗಿ ಆರಿಸಿ ಹಣ ಕೊಡುವ ಏರ್ಪಾಡೂ ಬಂದಿತು.

ಆದರೆ ವಿಜಯಪುರದ ಕಡೆಯ ಒಂದು ಹಳ್ಳಿಯ ಅಜ್ಜಿಯನ್ನು ಊಹಿಸಿಕೊಳ್ಳಬಹುದು. 1975ರಲ್ಲಿ ಆಕೆ ಎಳೆಯ ಸೊಸೆ. ಕಂಕುಳಲ್ಲಿ ಕೂಸನ್ನು ಎತ್ತಿಕೊಂಡು ಶಾಲೆಯ ಅಂಗಳದಲ್ಲಿ ಕುಳಿತು ಮೊದಲ ಬಾರಿಗೆ ಮಾತನಾಡುವ ಚಿತ್ರವನ್ನು ನೋಡಿದವಳು. ಈಗ ಮನೆಯಲ್ಲಿ ಟೆಲಿವಿಷನ್ ಇದೆ, ಪೆಟ್ಟಿಗೆಯೂ ಇದೆ. ಒಂದು ಸಂಜೆ ಪರದೆಯ ಮೇಲೆ ಚಿತ್ರದ ಬದಲು ಇಂಗ್ಲಿಷಿನ ಎರಡು ಸಾಲು ನಿಲ್ಲುತ್ತವೆ. ಆಕೆ ಮೊಮ್ಮಗನನ್ನು ಕರೆಯುತ್ತಾಳೆ: “ತಮ್ಮಾ, ಮಾಳಿಗಿ ಮ್ಯಾಲ ಹತ್ತಿ ಒಂದೀಟು ತಿರುವೋ.” “ಗಾಳಿಗೆ ಹೋಗಿಲ್ಲ ಆಯಿ, ರೊಕ್ಕ ಮುಗದದ,” ಎನ್ನುತ್ತಾನೆ ಮೊಮ್ಮಗ. ಆಕೆ ಮಾಳಿಗೆಯ ಕಡೆಗೊಮ್ಮೆ, ಪೆಟ್ಟಿಗೆಯ ಕಡೆಗೊಮ್ಮೆ ನೋಡುತ್ತಾಳೆ. ಸಂಜ್ಞೆ ಮನೆಯೊಳಗೆ ಬಂದಿದೆ, ತಂತಿಯ ತುದಿಯವರೆಗೂ ಬಂದಿದೆ. ಬಾಗಿಲು ಮಾತ್ರ ಮುಚ್ಚಿದೆ. ದೋಷವೇ ಇಲ್ಲದ ಈ ಕತ್ತಲೆಯನ್ನು ಯಾವ ಹುಡುಗನೂ ಕೈಯಿಂದ ತಿರುಗಿಸಿ ಸರಿಮಾಡಲಾರ.

ಬಾಗಿಲು ಕಾಯದ ಪೆಟ್ಟಿಗೆಯೂ ಉಂಟೆಂಬುದನ್ನು ಇಲ್ಲಿ ಹೇಳಬೇಕು. ದೂರದರ್ಶನವು 2004ರ ಡಿಸೆಂಬರಿನಲ್ಲಿ ಆರಂಭಿಸಿದ, ಈಗ ಡಿಡಿ ಫ್ರೀ ಡಿಶ್ ಎಂದು ಹೆಸರಾದ ಸೇವೆಗೆ ತಿಂಗಳ ಹಣವಿಲ್ಲ. ತಟ್ಟೆಯನ್ನೂ ಪೆಟ್ಟಿಗೆಯನ್ನೂ ಒಮ್ಮೆ ಕೊಂಡರಾಯಿತು. ಕರ್ನಾಟಕದಲ್ಲಿ ಆ ತಟ್ಟೆ ಆಗ್ನೇಯ ದಿಕ್ಕಿಗೆ ಮುಖಮಾಡಿ ನಿಂತಿರುತ್ತದೆ, ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹದ ಕಡೆಗೆ. ಚಂದನ ವಾಹಿನಿ ಅದರಲ್ಲಿ ಬರುತ್ತದೆ. ಅಲ್ಲಿಂದ ಬರುವ ಅಲೆಯ ಉದ್ದ ಎರಡೂವರೆ ಸೆಂಟಿಮೀಟರಿನಷ್ಟು ಮಾತ್ರವಾದುದರಿಂದ ಜಡಿಮಳೆಯ ಹನಿಗಳು ಅದನ್ನು ಹೀರಿಬಿಡುತ್ತವೆ. ಆಗ ಚಿತ್ರ ಹೋಗುತ್ತದೆ, ಮಳೆ ನಿಂತರೆ ಬರುತ್ತದೆ. ಮಳೆಯ ಮೇಲೆ ಅಜ್ಜಿಯಂಥವರಿಗೆ ದೂರಿಲ್ಲ.

ನೆಲದ ಮೇಲಿನ ಹಳೆಯ ಅನಲಾಗ್ ಪ್ರಸಾರವನ್ನು, ಗಡಿನಾಡು ಮೊದಲಾದೆಡೆಗಳ ಸುಮಾರು 50 ಪ್ರಸಾರಕಗಳನ್ನು ಉಳಿಸಿಕೊಂಡು, ದೂರದರ್ಶನವು 2022ರ ಮಾರ್ಚ್ ವೇಳೆಗೆ ನಿಲ್ಲಿಸಿತು. ಮಾಳಿಗೆಯ ಮೇಲಿನ ಕಬ್ಬಿಣದ ಕಂಬವನ್ನು ಮಾತ್ರ ಬಹಳ ಮನೆಗಳಲ್ಲಿ ಯಾರೂ ಕಿತ್ತಿಲ್ಲ. ಒಂದು ಕಡೆ ಅದಕ್ಕೆ ಬಟ್ಟೆ ಒಣಗಿಸುವ ಹಗ್ಗ ಕಟ್ಟಿದ್ದಾರೆ. ಇನ್ನೊಂದು ಕಡೆ ಹೀರೇಬಳ್ಳಿ ಹಬ್ಬಿ, ಮುರಿದುಳಿದ ಎರಡು ಅಡ್ಡಕಡ್ಡಿಗಳಿಗೂ ಸುತ್ತಿಕೊಂಡು, ಹೂ ಬಿಟ್ಟಿದೆ.